ಹಿಂದಿನ ಬಾಗಿಲು

ಮಗಳು ಆಫೀಸಿನ ಗೆಳತಿಯರ ಜೊತೆ ಆತ್ಮರಕ್ಷಣೆಯ ಕ್ಲಾಸಿಗೆ ಸೇರಿದ್ದಾಳೆ. ಕ್ರಾವ್ ಮಗಾ ಅಂತೆ, ಇಸ್ರೇಲಿನ ವಿದ್ಯೆ. ಮೊದಲ ದಿನ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿ ಕುಳಿತವಳನ್ನು ಕೇಳಿದೆ, "ಏನು ಕಲಿಸಿದರು? ಗುದ್ದುವುದಾ?"

"ಇಲ್ಲ ಪಪ್ಪಾ. ಓಡುವುದು."

ನನಗೆ ನಗು ಬಂತು. ಅಷ್ಟು ಫೀಸು ಕೊಟ್ಟು ಓಡುವುದನ್ನು ಕಲಿಯಬೇಕಾ ಅಂತ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದೇ ಪಾಠವನ್ನು ನನಗೂ ಒಬ್ಬರು ಕಲಿಸಿದ್ದರು. 1991ರಲ್ಲಿ, ಅಂಧೇರಿ ಪೂರ್ವದ ಒಂದು ಬಾರಿನಲ್ಲಿ. ಫೀಸು ತೆಗೆದುಕೊಂಡಿರಲಿಲ್ಲ. ಬದಲಿಗೆ ನನ್ನ ಪಾಲಿನ ಪೆಟ್ಟನ್ನು ಅವರೇ ತಿಂದಿದ್ದರು.

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಕಡೆಯ ಹುಡುಗರ ಕತೆ ನಿಮಗೆಲ್ಲ ಗೊತ್ತಿರುವುದೇ. ಹಗಲು ಹೋಟೆಲಿನ ಮೋರಿಯಲ್ಲಿ ತಟ್ಟೆ ಲೋಟ, ಸಂಜೆ ರಾತ್ರಿ ಶಾಲೆ. ನಾನು ಬಂದದ್ದು 1986ರಲ್ಲಿ, ಹದಿನಾರು ವರ್ಷಕ್ಕೆ. ಮೊದಲು ಟೀ ತೆಗೆದುಕೊಂಡು ಅಂಗಡಿ ಅಂಗಡಿ ಸುತ್ತುವ ಬಾಹರ್‌ವಾಲಾ, ಆಮೇಲೆ ವೇಟರ್. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಗಲ್ಲಾ. ಅಷ್ಟರಲ್ಲಿ ನಮ್ಮ ಸೇಟು ಇಡ್ಲಿ ವಡೆಯ ಹೋಟೆಲಿನ ಅರ್ಧಕ್ಕೆ ಗೋಡೆ ಎಬ್ಬಿಸಿ ಪರ್ಮಿಟ್ ರೂಮ್ ಮಾಡಿದ್ದರು. ಆ ಕಾಲದಲ್ಲಿ ಎಷ್ಟು ಉಡುಪಿ ಹೋಟೆಲುಗಳು ಹಾಗಾದವೋ!

ಅಂದ ಹಾಗೆ, ಈ 'ಪರ್ಮಿಟ್ ರೂಮ್' ಎಂಬ ಹೆಸರೇ ಒಂದು ತಮಾಷೆ. 1949ರ ಪಾನನಿಷೇಧ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಲೆಕ್ಕಕ್ಕೆ ಕುಡಿಯುವವನ ಕೈಯಲ್ಲಿ ಪರ್ಮಿಟ್ ಇರಬೇಕು. ಬಿಯರಿಗೆ 21 ವರ್ಷ, ವಿಸ್ಕಿ ರಮ್ಮಿಗೆ 25 ವರ್ಷ ತುಂಬಿರಬೇಕು. ಕುಡಿಯುವವನಿಗೆ ಪರ್ಮಿಟ್ಟೇನೋ ಉಂಟು. ಕುಡಿದವನ ಎದುರು ನಿಲ್ಲುವವನಿಗೆ?

ನಮ್ಮ ಬಾರಿಗೆ ಎರಡು ಬಾಗಿಲು. ಮುಂದಿನದ್ದು ರಸ್ತೆಗೆ, ಪಕ್ಕದಲ್ಲೇ ಪಾನ್ ಅಂಗಡಿ. ಹಿಂದಿನದ್ದು ಭಟ್ಟಿ, ಮೋರಿ ದಾಟಿ ಕಿರಿದಾದ ಓಣಿಗೆ. ಅಲ್ಲಿಂದ ಎರಡು ತಿರುವು ತಿರುಗಿದರೆ ಸ್ಟೇಷನ್. ಹಿಂದಿನ ಬಾಗಿಲ ಹತ್ತಿರ ಒಂದು ಖಾಲಿ ಕ್ರೇಟು ಇಟ್ಟರೂ ನಮ್ಮ ಕ್ಯಾಪ್ಟನ್ ಕೆಂಡಾಮಂಡಲವಾಗುತ್ತಿದ್ದರು. ಕುಂದಾಪುರದ ಕಡೆಯವರು, ನಾವೆಲ್ಲ 'ಅಣ್ಣ' ಎನ್ನುತ್ತಿದ್ದೆವು. ಸಣಕಲು ದೇಹ, ಬಿಳಿ ಅಂಗಿ, ಕಿವಿಯ ಮೇಲೆ ಪೆನ್ನು. ಆಗಿನ ನಮ್ಮಂಥ ಬಾರುಗಳಲ್ಲಿ ಬೌನ್ಸರ್ ಎಂಬ ಪ್ರಾಣಿ ಇರಲಿಲ್ಲ. ಇದ್ದದ್ದು ಈ ಕ್ಯಾಪ್ಟನ್ನುಗಳೇ.

ಅವರ ಕೆಲಸದ ರೀತಿ ಈಗ ನೆನಪಿಸಿಕೊಂಡರೆ ಆಶ್ಚರ್ಯವಾಗುತ್ತದೆ. ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಯಾವುದೋ ಟೇಬಲ್ಲಿನಲ್ಲಿ ದನಿ ಏರಿತು ಎಂದರೆ ಬುದ್ಧಿ ಹೇಳಲು ಹೋಗುತ್ತಿರಲಿಲ್ಲ. ಸುಮ್ಮನೆ ಹೋಗಿ ಖಾಲಿ ಬಾಟಲಿ, ಸೋಡಾ ಬಾಟಲಿ, ಗಾಜಿನ ಆಶ್‌ಟ್ರೇ ಎಲ್ಲ ಎತ್ತಿಕೊಂಡು ಬರುತ್ತಿದ್ದರು. ಬದಲಿಗೆ ಒಂದು ಪ್ಲೇಟು ಸೇಂಗಾ ಇಟ್ಟು ಬರುತ್ತಿದ್ದರು. ಮಾತೇನಿದ್ದರೂ ಆಮೇಲೆ. ಬಿಲ್ಲನ್ನು ಟೇಬಲ್ಲಿನ ಎಲ್ಲರಿಗಿಂತ ಕಮ್ಮಿ ಕುಡಿದವನ ಮುಂದೆ ಇಡುತ್ತಿದ್ದರು. ಜಗಳ ಕೈ ಮೀರುವಂತಿದ್ದರೆ ಎಲ್ಲ ಟ್ಯೂಬ್‌ಲೈಟ್ ಹಾಕಿಸುತ್ತಿದ್ದರು. ಬೆಳಕು ಬಿದ್ದ ಕೂಡಲೇ ಅರ್ಧ ಜನರ ಶೌರ್ಯ ಇಳಿಯುತ್ತಿತ್ತು!

ಎರಡು ಗುಂಪು ಕೈ ಕೈ ಮಿಲಾಯಿಸಿದರೆ ಮಾತ್ರ ಒಂದೇ ನಿಯಮ. ಇಬ್ಬರನ್ನೂ ಒಟ್ಟಿಗೆ ಮುಂದಿನ ಬಾಗಿಲಿಂದ ಹೊರಗೆ ಹಾಕಕೂಡದು. ಒಂದು ಗುಂಪನ್ನು ಹಿಂದಿನ ಬಾಗಿಲಿಂದ ಸ್ಟೇಷನ್ನಿನ ಕಡೆ ಸಾಗಹಾಕಬೇಕು. ಇನ್ನೊಂದನ್ನು ಬಿಲ್ಲು, ಚಿಲ್ಲರೆ, ಬಡೇಸೋಪು ಅಂತ ಏನೋ ನೆಪ ಹೇಳಿ ಹತ್ತು ನಿಮಿಷ ಒಳಗೇ ಕೂರಿಸಬೇಕು.

ಆ ಹತ್ತು ನಿಮಿಷದ ಅರ್ಥ ನನಗೆ ಆಗ ಆಗಿರಲಿಲ್ಲ.

ಇನ್ನು ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಶಟರ್ ಅರ್ಧ ಇಳಿಸಿಯಾಗಿತ್ತು. ಒಬ್ಬ ಗಿರಾಕಿ ಬಿಲ್ಲು ಕೊಡದೆ ಎದ್ದ. ಕೇಳಿದ್ದಕ್ಕೆ ಅಮ್ಮನ ಹೆಸರೆತ್ತಿ ಬೈದ. ಇಪ್ಪತ್ತೊಂದು ವರ್ಷದ ರಕ್ತ. ಅಮ್ಮನನ್ನು ನೋಡದೆ ಮೂರು ವರ್ಷವಾಗಿತ್ತು. ಗಲ್ಲಾ ಬಿಟ್ಟು ಹಾರಿ ಅವನನ್ನು ದೂಡಿದೆ. ಅವನು ತತ್ತರಿಸಿ ಶಟರಿಗೆ ಬಡಿದುಕೊಂಡು ಹೊರಗೆ ಹೋದ. ವೇಟರುಗಳು ಭಲೇ ಎನ್ನುವಂತೆ ನೋಡಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಹೊರಗೆ ಪಾನ್ ಅಂಗಡಿಯ ಹತ್ತಿರ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತೆ, ಇನ್ನೊಮ್ಮೆ ಬರಲಿ ನೋಡುವಾ ಅಂತ.

ಅವನು ಬಂದ. ಜೊತೆಗೆ ಮೂವರು. ಒಬ್ಬನ ಕೈ ಅಂಗಿಯೊಳಗೆ ಇತ್ತು.

ನಾನು ಏನಾದರೂ ಯೋಚಿಸುವ ಮೊದಲೇ ಅಣ್ಣ ನನ್ನ ಮುಂದೆ ಬಂದು ನಿಂತಿದ್ದರು, ಎರಡೂ ಕೈ ಮುಗಿದುಕೊಂಡು. "ಸೇಟ್, ಮಾಫ್ ಕರ್ ದೋ, ಬಚ್ಚಾ ಹೈ, ಗಾಂವ್ ಸೇ ಆಯಾ ಹೈ." ಅವನು ಅಣ್ಣನ ಕೆನ್ನೆಗೆ ಹೊಡೆದ. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಅಣ್ಣ ಮುಗಿದ ಕೈ ಇಳಿಸಲಿಲ್ಲ. "ಬಿಲ್ ಭೀ ಮಾಫ್, ಸೇಟ್" ಎಂದರು. ಹಾಗೆ ಹೇಳುತ್ತಲೇ ಬೆನ್ನಿನಿಂದಲೇ ನನ್ನನ್ನು ಒಳಗೆ ತಳ್ಳಿಕೊಂಡು ಬಂದು ಶಟರ್ ಎಳೆದರು. ನಾವೆಲ್ಲ ಹಿಂದಿನ ಬಾಗಿಲಿಂದ ಹೊರಟೆವು.

ಓಣಿಯಲ್ಲಿ ನಾನು ಅಳುತ್ತಾ ಬೈದೆ. ಹೆಂಬೇಡಿ ಅಂದೆ. ಅವರು ಸಿಟ್ಟಾಗಲಿಲ್ಲ.

"ಬಿಲ್ಲ್ ನೂರಾ ಎಂಬತ್ತ್ ರೂಪಾಯಿ ಮಾಣಿ. ನಿನ್ ಹೊಟ್ಟಿಗೆ ಹಾಕು ಹೊಲಿಗಿಗೆ ಎಷ್ಟ್ ಆತ್ತ್ ಗೊತ್ತಿತ್ತಾ?" ಅಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ, "ದೂಡಿದ್ದ್ ತಪ್ಪಲ್ಲ. ದೂಡಿ ಅಲ್ಲೇ ನಿಂತದ್ದ್ ತಪ್ಪ್" ಅಂದರು.

ಮರುವರ್ಷ ನನಗೆ ಬೇರೆ ಕಡೆ ಕ್ಲಾರ್ಕ್ ಕೆಲಸ ಸಿಕ್ಕಿತು. ಬಾರು ಬಿಟ್ಟೆ. ಅಣ್ಣನ ಬಗ್ಗೆ ಗೌರವ ಇತ್ತು. ಆದರೆ ಆ ಪೆಟ್ಟು ನೆನಪಾದಾಗಲೆಲ್ಲ ಒಳಗೊಳಗೇ ಸ್ವಲ್ಪ ತಾತ್ಸಾರವೂ ಇತ್ತು. ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ಇತ್ತು.

2011ರ ಅಕ್ಟೋಬರ್ 20ರ ರಾತ್ರಿ ಅಂಧೇರಿ ಪಶ್ಚಿಮದ ಅಂಬೋಲಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಒಂದಷ್ಟು ಗೆಳೆಯ ಗೆಳತಿಯರು ಊಟ ಮುಗಿಸಿ ಹೊರಬಂದು ಪಾನ್ ಅಂಗಡಿಯ ಹತ್ತಿರ ನಿಂತಿದ್ದರು. ಕುಡಿದ ಒಬ್ಬ ಹುಡುಗಿಯರನ್ನು ಕೆಣಕಿದ. ಕೀನನ್ ಮತ್ತು ರೂಬೆನ್ ಎಂಬ ಇಬ್ಬರು ಹುಡುಗರು ಅವನನ್ನು ತಡೆದರು, ಓಡಿಸಿದರು. ಅವನು ಹೋದ. ಸ್ವಲ್ಪ ಹೊತ್ತಿಗೆ ಜನ ಕಟ್ಟಿಕೊಂಡು, ಚೂರಿ ಹಿಡಿದು ಬಂದ. ಕೀನನ್ ಅದೇ ರಾತ್ರಿ ತೀರಿಕೊಂಡ. ರೂಬೆನ್ ಆಸ್ಪತ್ರೆಯಲ್ಲಿ ಅಕ್ಟೋಬರ್ 31ರಂದು. ಸುತ್ತ ಅಷ್ಟು ಜನ ಇದ್ದರು. ಯಾರೂ ಮುಂದೆ ಬರಲಿಲ್ಲ. 2016ರ ಮೇ ತಿಂಗಳಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು.

ಪೇಪರು ಹಿಡಿದು ಕೂತವನಿಗೆ ಕೈ ನಡುಗಿತು. ಅದೇ ಅಂಧೇರಿ. ಅದೇ ಪಾನ್ ಅಂಗಡಿ ಎನ್ನಬೇಕು, ರೈಲ್ವೆ ಹಳಿಯ ಆ ಬದಿ ಅಷ್ಟೇ. ಅದೇ ಎರಡನೇ ಸಲ ಬರುವುದು. ಅಣ್ಣನ ಹತ್ತು ನಿಮಿಷ ಏನೆಂದು ಅವತ್ತು ಅರ್ಥವಾಯಿತು. ಕುಡಿದವನ ಮೊದಲ ಜಗಳದಲ್ಲಿ ಅವನು ಒಬ್ಬನೇ ಇರುತ್ತಾನೆ, ಕೈ ಖಾಲಿ ಇರುತ್ತದೆ, ಕಾಲು ನಿಲ್ಲುವುದಿಲ್ಲ. ಅಲ್ಲಿ ಸೋತು ಹೋದವನು ಜನರ ಮುಂದೆ ಆದ ಅವಮಾನವನ್ನು ಹೊತ್ತುಕೊಂಡು ಹೋಗುತ್ತಾನೆ. ಅವನು ತಿರುಗಿ ಬರುವಾಗ ಆಗುವುದು ಜಗಳವಲ್ಲ. ನಡುವೆ ಸಿಗುವ ಆ ಹತ್ತು ನಿಮಿಷ ಇದೆಯಲ್ಲ, ಅದರಲ್ಲಿ ನಾವು ಗೆದ್ದೆವು ಅಂದುಕೊಂಡು ಅಲ್ಲೇ ನಿಂತಿರುತ್ತೇವೆ.

ಆ ಹುಡುಗರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ನಾನು ಹೊಡೆದಾಡಲು ನಿಂತದ್ದು ನೂರಾ ಎಂಬತ್ತು ರೂಪಾಯಿಗೆ ಮತ್ತು ನನ್ನ ಮೀಸೆಗೆ. ಅವರು ನಿಂತದ್ದು ಗೆಳತಿಯರಿಗಾಗಿ. ನನ್ನ ಮುಂದೆ ಒಬ್ಬರು ಬಂದು ನಿಂತರು. ಅವರ ಮುಂದೆ ಯಾರೂ ಬರಲಿಲ್ಲ. ವ್ಯತ್ಯಾಸ ಅಷ್ಟೇ.

ಕಾನೂನು ಕೂಡ ಅಣ್ಣನ ಮಾತಿಗೆ ಹತ್ತಿರವೇ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ. 2024ರ ಜುಲೈಗೆ ಮೊದಲು ಇದೇ ವಿಷಯ ಐಪಿಸಿಯ 96ರಿಂದ 106ರವರೆಗೆ ಇತ್ತು. ನಮ್ಮ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನು ಕಾಪಾಡಲೂ ಬಲ ಬಳಸಬಹುದು. ಆದರೆ ಬೇಕಾದಷ್ಟು ಮಾತ್ರ, ಅಪಾಯ ಇರುವಷ್ಟು ಹೊತ್ತು ಮಾತ್ರ. ಅವನು ಬೆನ್ನು ತಿರುಗಿಸಿ ಹೊರಟ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆ ಅಲ್ಲ. ಕೇಸು ನಮ್ಮ ಮೇಲೆಯೇ.

2012ರಲ್ಲಿ ಊರಿಗೆ ಹೋದಾಗ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಮುಂಬಯಿ ಬಿಟ್ಟು ಬಂದು ಬಹಳ ವರ್ಷವಾಗಿತ್ತು. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಕಾಫಿ ಕುಡಿದು, ಆ ಊರು ಈ ಊರು ಮಾತಾಡಿ, ಕೊನೆಗೆ ತಡೆಯಲಾರದೆ ಕೇಳಿದೆ. "ಅಣ್ಣಾ, ಆವತ್ತು ನನ್ನಿಂದಾಗಿ ನೀವು ಪೆಟ್ಟು ತಿಂದಿರಿ. ನಾನು ಹೆಂಬೇಡಿ ಅಂದಿದ್ದೆ..."

ಅವರು ತಲೆ ಎತ್ತಿ ನೋಡಿ ನಕ್ಕರು. "ಯಾವ್ ಪೆಟ್ಟ್ ಮಾರಾಯಾ? ಅಂಥದ್ದ್ ಎಷ್ಟ್ ತಿಂದಿದ್ನೊ, ಲೆಕ್ಕ ಇಟ್ಕಂಡಿದ್ನಾ?"

ಅವರಿಗೆ ನೆನಪೇ ಇರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಪಪ್ಪಾ, ನಿಮ್ಮ ಅಣ್ಣ ಗ್ರೇಟ್. ಆದರೆ ಯಾವಾಗಲೂ ನಾವೇ ಯಾಕೆ ಹಿಂದಿನ ಬಾಗಿಲಿಂದ ಹೋಗಬೇಕು?"

ನಾನು ಬಾಯಿ ಮುಚ್ಚಿದೆ.

ಅವಳು ಕೇಳಿದ್ದು ಸರಿಯಾಗಿಯೇ ಇದೆ. 2008ರ ಹೊಸ ವರ್ಷದ ಮೊದಲ ರಾತ್ರಿ ಜುಹೂವಿನ ಪಂಚತಾರಾ ಹೋಟೆಲಿನಿಂದ ಹೊರಬಂದು ಬೀಚಿನ ಕಡೆ ನಡೆಯುತ್ತಿದ್ದ ಇಬ್ಬರು ಹೆಂಗಸರ ಮೇಲೆ ಎಪ್ಪತ್ತೆಂಬತ್ತು ಗಂಡಸರ ಗುಂಪು ಎರಗಿತು. ಅವರು ಜಗಳವನ್ನೂ ಆಡಿರಲಿಲ್ಲ, ಎಲ್ಲೂ ನಿಂತಿರಲೂ ಇಲ್ಲ. ನಡೆದು ಹೋಗುತ್ತಿದ್ದರು ಅಷ್ಟೇ. ನಮ್ಮ ಮಂಗಳೂರಿನಲ್ಲಿ 2009ರ ಜನವರಿ 24ರಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದು ನಡುರಾತ್ರಿಯೂ ಅಲ್ಲ, ಹಗಲಲ್ಲಿ. ಅಪಾಯ ಅಲ್ಲಿ ಮುಂದಿನ ಬಾಗಿಲಿಂದಲೇ ಒಳಗೆ ಬಂದಿತ್ತು, ಸಂಸ್ಕೃತಿಯ ಹೆಸರು ಹೇಳಿಕೊಂಡು. 2018ರಲ್ಲಿ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು.

ಸರಕಾರಗಳಿಗೂ ಹೊಳೆಯುವುದು ಹೆಂಗಸರನ್ನು ಹೊರಗೆ ಕಳಿಸುವ ದಾರಿಯೇ. ಮಹಾರಾಷ್ಟ್ರದಲ್ಲಿ 2005ರ ಆಗಸ್ಟಿನಲ್ಲಿ ಡ್ಯಾನ್ಸ್ ಬಾರುಗಳನ್ನು ಮುಚ್ಚಿಸಿದಾಗ ಹೇಳಿದ ಕಾರಣಗಳಲ್ಲಿ ಹೆಂಗಸರ ಮಾನ ಕಾಪಾಡುವುದೂ ಒಂದು. ಅಲ್ಲಿ ಕುಣಿಯುತ್ತಿದ್ದ ಹೆಂಗಸರಿಗೆ ಕೆಲಸ ಹೋಯಿತು. ಹೈಕೋರ್ಟು 2006ರಲ್ಲಿ, ಸುಪ್ರೀಂ ಕೋರ್ಟು 2013ರಲ್ಲಿ ಆ ನಿಷೇಧ ಸರಿಯಲ್ಲ ಎಂದವು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಅವರಲ್ಲಿ ಎಷ್ಟು ಮಂದಿ ಎಲ್ಲೆಲ್ಲಿ ಹೋದರೋ!

ಮಗಳ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಇದೆ. ಹಿಂದಿನ ಬಾಗಿಲು ತೆರೆದಿಡಬೇಕಾದವರು, ಮುಂದೆ ಬಂದು ನಿಲ್ಲಬೇಕಾದವರು ಅವಳಲ್ಲ. ನಾವು. ಬಾರು ನಡೆಸುವವರು, ಗಲ್ಲಾದಲ್ಲಿ ಕೂತವರು, ಪಾನ್ ಅಂಗಡಿಯ ಹತ್ತಿರ ನಿಂತು ನೋಡುವವರು. ಆವತ್ತು ಅಣ್ಣ ಓಡಿ ಹೋಗಲಿಲ್ಲವಲ್ಲ? ಮೊದಲು ನನ್ನ ಮುಂದೆ ಬಂದು ನಿಂತರು, ಆಮೇಲೆ ನನ್ನನ್ನು ಓಡಿಸಿದರು. ಇಷ್ಟು ವರ್ಷ ನಾನು ಆ ಕತೆಯ ಅರ್ಧವನ್ನೇ ನೆನಪಿಟ್ಟುಕೊಂಡಿದ್ದೆ.

ಮುಂಬಯಿಯ ರಾತ್ರಿಗೆ ಒಂದು ವಿಚಿತ್ರ ಲೆಕ್ಕವಿದೆ. ಪರ್ಮಿಟ್ ರೂಮುಗಳು ಮುಚ್ಚುವುದು ಒಂದೂವರೆಗೆ. ಕೊನೆಯ ಲೋಕಲ್ ಚರ್ಚ್‌ಗೇಟ್ ಬಿಡುವುದು ಒಂದು ಗಂಟೆಯ ಸುಮಾರಿಗೆ. ಮತ್ತೆ ಮೊದಲ ಲೋಕಲ್ ನಾಲ್ಕರ ಮೇಲೆ. ನಡುವಿನ ಆ ಎರಡು ಮೂರು ತಾಸು ಎಲ್ಲರೂ ರಸ್ತೆಯಲ್ಲಿ. ಕುಡಿದವರು, ಕುಡಿಯದವರು, ಕೆಲಸ ಮುಗಿಸಿ ನಿದ್ದೆಗಣ್ಣಲ್ಲಿ ಹೊರಟ ವೇಟರುಗಳು. ಜಗಳಗಳು ಹುಟ್ಟುವುದು ಅಲ್ಲೇ, ರಿಕ್ಷಾಕ್ಕೆ ಕಾಯುವಾಗ.

ಅದಕ್ಕೇ ಮಗಳಿಗೆ ಹೇಳಿದ್ದನ್ನೇ ನಿಮ್ಮ ಮಕ್ಕಳಿಗೂ ಹೇಳುತ್ತೇನೆ. ಹೇಗೆ ಹೋಗುತ್ತೇವೆ ಎನ್ನುವುದಕ್ಕಿಂತ ಹೇಗೆ ವಾಪಸು ಬರುತ್ತೇವೆ ಎನ್ನುವುದು ಮೊದಲು ತೀರ್ಮಾನವಾಗಲಿ. ಮೊಬೈಲಿನ ಬ್ಯಾಟರಿ ಮತ್ತು ಬಾಡಿಗೆಯ ದುಡ್ಡು ಬೇರೆ ಇರಲಿ. ಗ್ಲಾಸು ಬಿಟ್ಟು ಹೋದರೆ ಆ ಗ್ಲಾಸನ್ನು ಮತ್ತೆ ಮುಟ್ಟಬೇಡಿ, ಹೊಸದು ತರಿಸಿಕೊಳ್ಳಿ. ರಿಕ್ಷಾ, ಟ್ಯಾಕ್ಸಿ ಬರುವ ತನಕ ಹೊರಗೆ ನಿಲ್ಲಬೇಡಿ, ಒಳಗೆ ಗಲ್ಲಾದ ಪಕ್ಕ ನಿಲ್ಲಿ. ಕುಡಿದ ಗೆಳೆಯನ ಬೈಕಿನ ಹಿಂದೆ ಕೂರಬೇಡಿ. ಯಾರನ್ನಾದರೂ ತಡೆಯಬೇಕಾಗಿ ಬಂದರೆ ಖಂಡಿತ ತಡೆಯಿರಿ, ಆದರೆ ಅವನು ಹೋದ ಕ್ಷಣವೇ ನೀವೂ ಎಲ್ಲರನ್ನೂ ಕರೆದುಕೊಂಡು ಜಾಗ ಬಿಡಿ. 112ಕ್ಕೆ ಫೋನು ಮಾಡುವುದು ಅವನು ವಾಪಸು ಬಂದ ಮೇಲೆ ಅಲ್ಲ, ಅವನು ಹೋದ ಕೂಡಲೇ.

ಮತ್ತೆ, ಒಳಗೆ ಕೂರುವ ಮೊದಲು ಎರಡನೇ ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳಿ. 2017ರ ಡಿಸೆಂಬರ್ 29ರ ನಡುರಾತ್ರಿ ದಾಟಿದ ಮೇಲೆ ಲೋವರ್ ಪರೇಲಿನ ಕಮಲಾ ಮಿಲ್ಸ್‌ನ ಮಹಡಿ ಪಬ್ಬುಗಳಿಗೆ ಬೆಂಕಿ ಬಿದ್ದಾಗ 14 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಗೆಯಿಂದ ತಪ್ಪಿಸಿಕೊಳ್ಳಲು ಬಾತ್‌ರೂಮಿಗೆ ಹೊಕ್ಕಿದ್ದರು. ಅಲ್ಲೇ ಉಸಿರು ಕಟ್ಟಿತು. ಅಣ್ಣ ಒಂದು ಖಾಲಿ ಕ್ರೇಟಿಗೆ ಅಷ್ಟು ಸಿಟ್ಟಾಗುತ್ತಿದ್ದದ್ದು ನನಗೆ ಆವತ್ತು ಮತ್ತೆ ನೆನಪಾಯಿತು.

ಇದನ್ನು ಓದುವ ನಮ್ಮವರಲ್ಲಿ ಎಷ್ಟೋ ಮಂದಿ ಇಂದಿಗೂ ಇದೇ ದಂಧೆಯಲ್ಲಿ ಇದ್ದೀರಿ. ನಿಮ್ಮಲ್ಲಿ ಒಂದೇ ವಿನಂತಿ. ನಾಳೆ ಹೋಗಿ ನಿಮ್ಮ ಹಿಂದಿನ ಬಾಗಿಲು ನೋಡಿ. ಬಿಯರ್ ಕ್ರೇಟು, ಗ್ಯಾಸ್ ಸಿಲಿಂಡರ್, ಮುರಿದ ಕುರ್ಚಿ ಅಡ್ಡ ಇದ್ದರೆ ತೆಗೆಸಿ. ಮುಚ್ಚುವ ಹೊತ್ತಿಗೆ ಯಾರಾದರೂ ಹುಡುಗಿ ಗಾಡಿಗೆ ಕಾಯುತ್ತಿದ್ದರೆ ಶಟರ್ ಎಳೆಯುವುದನ್ನು ಐದು ನಿಮಿಷ ತಡ ಮಾಡಿ, ಒಂದು ಕುರ್ಚಿ ಕೊಡಿ. ಜಗಳ ಆಡಿದವರನ್ನು ರಸ್ತೆಗೆ ದೂಡಿ ನಮ್ಮ ಕೆಲಸ ಮುಗಿಯಿತು ಅನ್ನಬೇಡಿ. ಹೊರಗಿನ ಪಾನ್ ಅಂಗಡಿಯ ತನಕ ಅದು ನಿಮ್ಮದೇ ಬಾರು.

ಈಗ ಗಂಟೆ ಒಂದೂಕಾಲು. ಮಗಳು ಆಫೀಸಿನ ಪಾರ್ಟಿಗೆ ಹೋಗಿದ್ದಾಳೆ, ಅದೇ ಲೋವರ್ ಪರೇಲಿಗೆ. ಈಗಷ್ಟೇ ಮೆಸೇಜು ಬಂತು: "ಒಳಗೇ ಇದ್ದೀನಿ. ಟ್ಯಾಕ್ಸಿ ನಾಲ್ಕು ನಿಮಿಷ. ನೀವು ಮಲಗಿ."

ಮಲಗುವುದುಂಟಾ? ಅಂಗಿ ಹಾಕಿಕೊಂಡಿದ್ದೇನೆ. ಕೆಳಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ.